ನೆರೆ ಎಂಬ ಮಾತು

ಆಷಾಢ ಕಳೆದು ಶ್ರಾವಣ ಕಾಲಿಡುವ ಹೊತ್ತಿಗೆ ನಮ್ಮ ಬಣಕಲ್ಲಿನಲ್ಲಿ ಮಾತು ಕಡಮೆಯಾಗುತ್ತದೆ. ಹೆಂಚಿನ ಮೇಲೆ ಹಗಲಿರುಳು ಸುರಿಯುವ ಮಳೆಯ ಸದ್ದಿನಲ್ಲಿ ಕೂಗಿ ಹೇಳಿದ್ದಷ್ಟೇ ಕೇಳಿಸುವುದರಿಂದ, ಕೂಗಿ ಹೇಳಲು ತಕ್ಕದ್ದನ್ನು ಮಾತ್ರ ಜನ ಹೇಳುತ್ತಾರೆ. “ಹೊಳೆ ಎಲ್ಲಿಗೆ ಬಂತು?” ಎಂಬುದು ಅಂಥ ಮಾತುಗಳಲ್ಲಿ ಮೊದಲನೆಯದು. ಉತ್ತರವೂ ಅಷ್ಟೇ ಚುಟುಕು: “ಗದ್ದೆಗೆ ಬಂತು,” “ಸಂಕ ಹತ್ತಿತು,” “ಇಳೀತು.” ಹೇಮಾವತಿ ಹುಟ್ಟುವ ಜಾವಳಿ ನಮಗೆ ದೂರವಲ್ಲ. ಹುಟ್ಟಿದ ಮನೆಯ ಅಂಗಳವನ್ನು ಇನ್ನೂ ಪೂರ್ತಿ ದಾಟದ ಹೊಳೆ ಅದು. ಬೇಸಗೆಯಲ್ಲಿ ಮೊಣಕಾಲು ನೆನೆಯದಂತೆ ದಾಟಬಹುದು. ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಅದೇ ಹೊಳೆ ಗದ್ದೆಯ ಅಂಚುಗಳನ್ನೆಲ್ಲ ಅಳಿಸಿ, ನಾಟಿಯಾದ ಬಯಲನ್ನು ಕೆಂಪು ಕೆರೆಯನ್ನಾಗಿ ಮಾಡಿಬಿಡುತ್ತದೆ.

ಇದಕ್ಕೆ ಪತ್ರಿಕೆಯವರು ‘ನೆರೆ’ ಎನ್ನುತ್ತಾರೆ. ಸರ್ಕಾರದವರೂ ಹಾಗೆಯೇ ಎನ್ನುತ್ತಾರೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನೂ ಹಾಗೆ ಎನ್ನುತ್ತಾನೆ. ಆದರೆ ನಮ್ಮ ಊರಿನ ಹಿರಿಯರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅಪರೂಪ. ಅವರಿಗೆ ಬರುವುದು ಹೊಳೆ, ಇಳಿಯುವುದೂ ಹೊಳೆ. ಚಾರ್ಮಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡದ ಕನ್ನಡದಲ್ಲಿ ‘ನೆರೆ’ ಮನೆಮಾತು. ಅಲ್ಲಿಂದ ಹತ್ತಿಬಂದು ಇಲ್ಲಿಯ ತೋಟಗಳಲ್ಲಿ ನೆಲೆಸಿದ ತುಳುವರು ಅದನ್ನೇ ‘ಬೊಳ್ಳ’ ಎನ್ನುತ್ತಾರೆ. 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ಸೀಮೆಯನ್ನು ಮುಳುಗಿಸಿದ್ದು ಅವರ ನೆನಪಿನಲ್ಲಿ ಇಂದಿಗೂ ‘ಮಾರಿಬೊಳ್ಳ’. ತಮಿಳಿನ ‘ವೆಳ್ಳಂ’, ತೆಲುಗಿನ ‘ವೆಲ್ಲುವ’ ಇದರ ಸೋದರರು. ಮಲೆಯಾಳಿಗಳು ಮಾತ್ರ ‘ವೆಳ್ಳಂ’ ಎಂದು ಕುಡಿಯುವ ನೀರಿಗೇ ಹೆಸರಿಟ್ಟುಕೊಂಡರು! ಬೇರೆಯವರಿಗೆ ಮಹಾಪೂರವಾದದ್ದು ಅವರಿಗೆ ಲೋಟದಲ್ಲಿ ಬರುತ್ತದೆ. ಹೀಗೆ ಒಂದೇ ಕಾಫಿ ತೋಟದ ಲೈನಿನಲ್ಲಿ ಒಂದೇ ಮಳೆಗೆ ನಾಲ್ಕು ಹೆಸರು ಕೇಳಿಬರುವ ಊರು ನಮ್ಮದು. ಉತ್ತರ ಕರ್ನಾಟಕದಲ್ಲಿ ಕೃಷ್ಣೆಗೋ ಮಲಪ್ರಭೆಗೋ ಬರುವುದು ‘ಮಹಾಪೂರ’. ಈ ಶಬ್ದ ಅದೃಷ್ಟಶಾಲಿ. ಅಭಿನಂದನೆಗಳಿಗೂ ಅದು ಒದಗುತ್ತದೆ. ಮಂತ್ರಿಯಾದವರಿಗೆ ಅಭಿನಂದನೆಗಳ ‘ಮಹಾಪೂರ’ ಹರಿದುಬಂತೆಂದು ಓದುತ್ತೇವೆಯೇ ಹೊರತು, ಅಭಿನಂದನೆಗಳ ‘ನೆರೆ’ ಬಂತೆಂದು ಯಾವ ಪತ್ರಿಕೆಯೂ ಬರೆದದ್ದನ್ನು ನಾನು ಕಾಣೆ.

ನೆರೆ ಎಂಬುದು ನಿಘಂಟಿನಲ್ಲಿ ಒಂದೇ ಪದವಲ್ಲ, ಒಂದು ಕುಟುಂಬ. ಕುಟುಂಬವೂ ಅಲ್ಲ, ಒಂದೇ ಛತ್ರದಲ್ಲಿ ತಂಗಿರುವ ಬೇರೆ ಬೇರೆ ಊರಿನ ಪಯಣಿಗರು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆ ಮುದಿ ಗ್ರಂಥದ ಈ ಪುಟವನ್ನು ತೆರೆದಾಗಲೆಲ್ಲ ನನಗೆ ಜಾತ್ರೆಗೆ ಹೋದಂತಾಗುತ್ತದೆ. ನೆರೆ ಎಂದರೆ ಪಕ್ಕ. ಅದರಿಂದ ನೆರೆಮನೆ, ನೆರೆಹೊರೆ, ನೆರೆರಾಜ್ಯ. ನೆರೆ ಎಂದರೆ ಸೇರು, ಗುಂಪುಗೂಡು. ಅದರಿಂದ ನೆರೆದ ಜನ, ನೆರವಿ. ಹಳೆಯ ಕಾವ್ಯಗಳಲ್ಲಿ ನಲ್ಲ ನಲ್ಲೆಯರ ಕೂಟಕ್ಕೂ ಇದೇ ಮಾತು ಒದಗುವುದುಂಟು. ತರಗತಿಯಲ್ಲಿ ಆ ಅರ್ಥವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಹುಡುಗಿ ‘ಮೈನೆರೆದಳು’ ಎಂದರೆ ದೊಡ್ಡವಳಾದಳು. ತಲೆಗೂದಲು ಬೆಳ್ಳಗಾಗುವುದೂ ನೆರೆ. ಮುಪ್ಪು ಬರುವ ಮುನ್ನವೇ ಎಚ್ಚರಾಗೆಂದು ಹೇಳುವ ಬಸವಣ್ಣನವರ ಪ್ರಸಿದ್ಧ ವಚನ ಮೊದಲಾಗುವುದು ಈ ಶಬ್ದದಿಂದಲೇ. ಹಳಗನ್ನಡದಲ್ಲಿ ಇದು ಕ್ರಿಯಾವಿಶೇಷಣವಾಗಿ ನಿಂತರೆ ‘ಪೂರ್ತಿಯಾಗಿ’ ಎಂದು ಅರ್ಥ. ಕಡೆಗೆ, ನೀರು ತುಂಬಿ ಬರುವ ನೆರೆ.

ಇವೆಲ್ಲ ಒಂದೇ ಬೇರಿನ ಚಿಗುರುಗಳಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡಕ್ಕೆ ದೇಸೀಯವೆಂದು ಎಣಿಸಿದ ಅಕ್ಷರಗಳಲ್ಲಿ ಱಕಾರವೂ ಒಂದು. ಹಳಗನ್ನಡದ ಲಿಪಿಕಾರ ‘ತುಂಬು, ಪೂರ್ಣವಾಗು’ ಎಂಬ ಅರ್ಥದ ಪದವನ್ನು ‘ನೆಱೆ’ ಎಂದು ಱಕಾರದಿಂದಲೇ ಬರೆಯುತ್ತಿದ್ದನು. ತಮಿಳಿನ ‘ನಿಱೈ’ ಇದರ ಒಡಹುಟ್ಟು. ಸೇರುವ ನೆರೆ, ಪಕ್ಕದ ನೆರೆಗಳು ಸಾಮಾನ್ಯ ರೇಫದವು. ಬಿಳಿಗೂದಲ ನೆರೆಗೆ ‘ನರೆ’ ಎಂಬ ರೂಪವೂ ಉಂಟು. ತಮಿಳಿನ ‘ನರೈ’ ಅದರ ಜೊತೆಯದು. ಕಾಲಕ್ರಮದಲ್ಲಿ ಱಕಾರ ನಮ್ಮ ನಾಲಗೆಯಿಂದ ಜಾರಿತು, ಆಮೇಲೆ ಲೇಖನಿಯಿಂದಲೂ ಜಾರಿತು. ನಡುವೆ ಇದ್ದ ಬೇಲಿ ಬಿದ್ದುಹೋಗಿ ಮೂರು ಮನೆಯ ದನಗಳು ಒಂದೇ ಕೊಟ್ಟಿಗೆಗೆ ಬಂದಂತಾಯಿತು. ನೀರಿನ ನೆರೆಯನ್ನು ನಾನು ತುಂಬುವ ನೆಱೆಯ ಪಕ್ಕದಲ್ಲಿಡುತ್ತೇನೆ, ಮೈನೆರೆಯುವುದನ್ನೂ ಅಲ್ಲೇ. ಹೊಳೆ ಮೈತುಂಬಿದಾಗ ಬಂದದ್ದು ನೆರೆ ಎಂಬುದಕ್ಕಿಂತ ಸಹಜವಾದ ನಿರುಕ್ತಿ ನನಗೆ ತೋರದು.

ಬೇಲಿ ಬಿದ್ದರೂ ವ್ಯಾಕರಣ ಒಂದೆರಡು ಗೂಟಗಳನ್ನು ಉಳಿಸಿದೆ. ಭೂತಕಾಲಕ್ಕೆ ಬಂದಾಗ ಜನ ‘ನೆರೆದರು’, ಕೂದಲು ‘ನೆರೆತಿತು’. ಓದು ಬರಹ ಇಲ್ಲದ ನನ್ನ ತಾಯಿ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ‘ನೆರೆತ ಕೂದಲು’ ಎನ್ನುವಾಗ ‘ತ’ಕಾರವನ್ನು ಒಮ್ಮೆಯೂ ತಪ್ಪಿದವರಲ್ಲ. ನೀರಿನ ನೆರೆಗೋ ಕ್ರಿಯಾಪದವೇ ಇಲ್ಲ. ‘ಹೊಳೆ ನೆರೆಯಿತು’ ಎಂದು ಇಂದು ಯಾರೂ ಹೇಳುವುದಿಲ್ಲ. ನೆರೆ ‘ಬಂತು’ ಎನ್ನಬೇಕು. ನಮ್ಮ ಭಾಷೆಯಲ್ಲಿ ಕಷ್ಟಗಳೆಲ್ಲ ಹೀಗೆಯೇ ನಡೆದು ಬರುತ್ತವೆ: ಜ್ವರ ಬಂತು, ಬರ ಬಂತು, ನೆರೆ ಬಂತು. ಬಂದದ್ದು ನೆಂಟರಂತೆ ಒಂದು ದಿನ ಹೋಗುತ್ತದೆಂಬ ಭರವಸೆ ಆ ಕ್ರಿಯಾಪದದಲ್ಲಿ ಇದ್ದರೂ ಇರಬಹುದು.

ಹೋಗದೆ ನಿಲ್ಲುವ ನೀರಿಗೆ ಬೇರೆ ಮಾತಿದೆ: ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿಯ ಹಿನ್ನೀರು ಹರಡಿದಾಗ ಶಿವಮೊಗ್ಗ ಸೀಮೆಯವರಿಗೆ ಈ ಶಬ್ದದ ತೂಕ ತಿಳಿಯಿತು. ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಓದಿದವರಿಗೂ, 2002ರಲ್ಲಿ ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ ಚಿತ್ರವನ್ನು ನೋಡಿದವರಿಗೂ ಅದನ್ನು ವಿವರಿಸಬೇಕಾಗಿಲ್ಲ. ನಮ್ಮ ಹೇಮಾವತಿಯನ್ನೇ ನೋಡಿ. ಇಲ್ಲಿ ಬಂದು ಮೂರು ದಿನಕ್ಕೆ ಇಳಿಯುವ ಅದೇ ನೀರು ಸಕಲೇಶಪುರವನ್ನು ದಾಟಿ ಗೊರೂರಿಗೆ ಹೋಗುತ್ತದೆ. 1979ರಲ್ಲಿ ಪೂರ್ಣವಾದ ಅಣೆಕಟ್ಟಿನ ಹಿಂದೆ ನಿಂತು ಮುಳುಗಡೆಯಾಗುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮೇಲೇಳುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ. ನಾನೂ ಹೋಗಿದ್ದೆ. ಆ ನೀರಿಗೆ ಕೈಯದ್ದಿದಾಗ, ಇದು ನಮ್ಮ ಗದ್ದೆಯ ಮೇಲೆ ಹಾದುಬಂದ ನೀರು ಎಂಬ ವಿಚಿತ್ರವಾದ ಸಂಕೋಚ ನನ್ನನ್ನು ಕಾಡಿತು. ಜಲಾಶಯ ತುಂಬಿತೆಂದರೆ ಆಳುವವರು ಬಂದು ಬಾಗಿನ ಅರ್ಪಿಸುತ್ತಾರೆ. ತುಂಬುವುದು ಕನ್ನಡದಲ್ಲಿ ಮಂಗಳದ ಮಾತು: ತುಂಬಿದ ಕೊಡ, ತುಂಬಿದ ಮನೆ, ತುಂಬು ಗರ್ಭಿಣಿ. ದುಃಖವಾಗಲಿ ಸಂತೋಷವಾಗಲಿ ಮಿತಿಮೀರಿದಾಗ ನಮ್ಮ ಕಣ್ಣೂ ಎದೆಯೂ ‘ತುಂಬಿ ಬರುತ್ತವೆ’. ಇಂಗ್ಲಿಷಿನವರು ಇಂಥ ಸಂದರ್ಭಕ್ಕೆ ಬಳಸುವ ‘ಓವರ್‌ವೆಲ್ಮ್’ ಎಂಬ ಶಬ್ದದ ಬುಡದಲ್ಲಿ ಬೋರಲು ಹಾಕುವ, ಮಗುಚುವ ಅರ್ಥವಿದೆ. ಅವರ ದೋಣಿ ಮಗುಚುತ್ತದೆ, ನಮ್ಮ ಕೊಡ ತುಂಬುತ್ತದೆ. ಇದನ್ನು ಹೆಚ್ಚು ಎಳೆಯಲಾರೆ. ಕೊಡ ತುಂಬಿದ ಮೇಲೂ ನೀರು ನಿಲ್ಲದಿದ್ದರೆ ಏನೆನ್ನಬೇಕೆಂಬುದೇ ಅಲ್ಲವೆ ನನ್ನ ಪ್ರಕೃತ ವಿಷಯ?

ಇಷ್ಟೆಲ್ಲ ಪಾಂಡಿತ್ಯವನ್ನು ನಾನು ಒಮ್ಮೆ ತರಗತಿಯಲ್ಲಿ ಹರಿಯಬಿಟ್ಟಿದ್ದೆ. ಅದು 2019ನೆಯ ಇಸವಿ, ಆಗಸ್ಟ್ ತಿಂಗಳ ಕೊನೆ. ಆ ವರ್ಷದ ಆಶ್ಲೇಷಾ ಮಳೆಯನ್ನು ನಮ್ಮ ತಾಲ್ಲೂಕಿನವರು ಮರೆಯಲಾರರು. ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡಗಳು ಬಾಯ್ದೆರೆದು ಮನೆ ತೋಟಗಳು ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯ ರಸ್ತೆ ಹಲವು ಕಡೆ ಕುಸಿದು ಸಂಚಾರ ನಿಂತಿತು. ಅತ್ತ ಕಳಸದಲ್ಲಿ ಭದ್ರೆ ಹೆಬ್ಬಾಳೆಯ ಸೇತುವೆಯ ಮೇಲೆ ಹರಿಯಿತು. ನಮ್ಮ ಮನೆಯ ಕೆಳಗಿನ ಗದ್ದೆಯಲ್ಲಿ ಹೊಳೆ ನಿಂತು, ಅದರ ಅಂಚಿನಲ್ಲಿದ್ದ ಎರಡು ಸಂಸಾರಗಳು ಎರಡು ರಾತ್ರಿ ನಮ್ಮ ಜಗಲಿಯಲ್ಲಿ ಮಲಗಿದ್ದವು. ರಜೆ ಮುಗಿದು ಕಾಲೇಜು ಆರಂಭವಾದ ಮೊದಲ ದಿನ, ಮಕ್ಕಳ ಮುಖಗಳು ಬಾಡಿರುವುದನ್ನು ಕಂಡು, ಅವನ್ನು ಅರಳಿಸುವುದು ನನ್ನ ಕರ್ತವ್ಯವೆಂದು ನಾನೇ ನಿಶ್ಚಯಿಸಿಕೊಂಡೆ. ಕರಿಹಲಗೆಯ ಮೇಲೆ ‘ನೆರೆ’ ಎಂದು ದೊಡ್ಡದಾಗಿ ಬರೆದೆ. ಅರ್ಥಗಳನ್ನೆಲ್ಲ ಸಾಲಾಗಿ ಹೇಳಿ, ಕಡೆಯಲ್ಲಿ, “ನೆರೆ ಬಂದಾಗ, ತಲೆ ನೆರೆತ ನೆರೆಯವರೆಲ್ಲ ನಮ್ಮ ಜಗಲಿಯಲ್ಲಿ ನೆರೆದರು” ಎಂದು ಒಂದು ವಾಕ್ಯ ಹೊಸೆದೆ. ತರಗತಿ ನಕ್ಕಿತು. ಯಮಕದಲ್ಲಿ ಪಂಪನನ್ನು ಮೀರಿಸಿದವನಂತೆ ನಾನೂ ನಕ್ಕೆ.

ಮೂರನೆಯ ಸಾಲಿನ ಕೊನೆಯಲ್ಲಿದ್ದ ಹುಡುಗಿಯೊಬ್ಬಳು ನಗಲಿಲ್ಲ. ಆಕೆ ನಾನು ಹೇಳಿದ ಅರ್ಥಗಳನ್ನೆಲ್ಲ ಕ್ರಮವಾಗಿ ಬರೆದುಕೊಂಡಿದ್ದಳು. ಎರಡು ದಿನ ಬಿಟ್ಟು ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು ಒಂದು ಮಡಿಸಿದ ಕಾಗದವನ್ನು ಕೊಟ್ಟಳು.

“ಸಾರ್, ಅಪ್ಪ ಬರೆದದ್ದು. ಅರ್ಜಿ. ತಪ್ಪಿದ್ರೆ ತಿದ್ದಿ ಕೊಡ್ಬೇಕಂತೆ.”

ಪೆನ್ಸಿಲಿನಲ್ಲಿ ಬರೆದ ಹತ್ತು ಸಾಲು. ವರಮಹಾಲಕ್ಷ್ಮಿ ಹಬ್ಬದ ದಿನ, ಎಂದರೆ ಆಗಸ್ಟ್ 9, ಶುಕ್ರವಾರ ಬೆಳಗ್ಗೆ ‘ಮನೆ ಹಿಂದಿನ ಧರೆ ಬಂದು’ ಅಡುಗೆ ಮನೆಯೂ ನಡುಮನೆಯೂ ಮಣ್ಣಿನಡಿಗೆ ಹೋದವು. ಕಲಶ ಇಟ್ಟ ಮಣೆ ಸಮೇತ ಹೋಯಿತು. ಜನಕ್ಕೆ ಏನೂ ಆಗಲಿಲ್ಲ. ಎರಡು ಕರು ಹೋದವು. ಈಗ ನೆಂಟರ ಮನೆಯಲ್ಲಿ ಇದ್ದೇವೆ. ಇಷ್ಟೇ.

ಮಲೆನಾಡಿನಲ್ಲಿ ‘ಧರೆ’ ಎಂದರೆ ಏನೆಂದು ಬಯಲುಸೀಮೆಯ ಓದುಗರಿಗೆ ಹೇಳಬೇಕು. ಗುಡ್ಡದ ಓರೆಯನ್ನು ಅಗೆದು ಮನೆಗೋ ರಸ್ತೆಗೋ ಸಮತಟ್ಟು ಮಾಡಿದಾಗ ಹಿಂದೆ ಗೋಡೆಯಂತೆ ನಿಲ್ಲುವ ಮಣ್ಣಿನ ಕಡಿದಾದ ಬದಿ ಅದು. ನಮ್ಮ ಕಡೆ ಮನೆಯೆಂದರೆ ಮುಂದೆ ಅಂಗಳ, ಹಿಂದೆ ಧರೆ. ಮಳೆಗಾಲದಲ್ಲಿ ಅದು ನೀರು ಕುಡಿದು ಕುಡಿದು ಭಾರವಾಗುತ್ತದೆ. ತಡೆಯಲಾರದಾದಾಗ ಕಾಫಿ ಗಿಡ, ಸಿಲ್ವರ್ ಮರ ಎಲ್ಲವನ್ನೂ ಹೊತ್ತು ಕೂತುಬಿಡುತ್ತದೆ. ಕಾವ್ಯದ ‘ಧರೆ’ಯಾದರೋ ಇಡೀ ಭೂಮಂಡಲ. ನನ್ನ ಎಂ.ಎ. ಪದವಿ ಆ ಕ್ಷಣದಲ್ಲಿ ಜಾಗೃತವಾಯಿತು. ‘ಧರೆ ಬಂದು’ ಎಂದರೆ ಭೂಮಂಡಲವೇ ಬಂದಂತಾಗುವುದಿಲ್ಲವೆ, ಮೇಲಿನವರು ಓದಿ ನಕ್ಕಾರು ಎಂದು ನನಗೆ ತೋರಿತು. ಕೆಂಪು ಮಸಿಯಿಂದ ಅದನ್ನು ಹೊಡೆದುಹಾಕಿದೆ. ಆ ವಾರದ ಪತ್ರಿಕೆಗಳ ತುಂಬ ‘ನೆರೆ ಸಂತ್ರಸ್ತರು’, ‘ನೆರೆ ಪರಿಹಾರ’ ಎಂಬ ಶೀರ್ಷಿಕೆಗಳೇ ಇದ್ದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಪ್ರಕಟಿಸಿತ್ತು. ಆದುದರಿಂದ, ‘ಇತ್ತೀಚಿನ ಭೀಕರ ನೆರೆಹಾವಳಿಯಲ್ಲಿ ನನ್ನ ವಾಸದ ಮನೆಯು ಸಂಪೂರ್ಣವಾಗಿ ನಾಶವಾಗಿದ್ದು’ ಎಂದು ಶುದ್ಧವಾದ ಗ್ರಾಂಥಿಕ ಭಾಷೆಯಲ್ಲಿ ಹೊಸ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಕರುಗಳ ಮಾತನ್ನು ‘ಜಾನುವಾರು ಹಾನಿ’ ಎಂದು ತಿದ್ದಿದೆ. ಕಲಶದ ಮಾತನ್ನು ಅನಗತ್ಯವೆಂದು ಬಿಟ್ಟೆ. ಹುಡುಗಿ ಅದನ್ನು ಓದಿ, ಏನನ್ನೋ ಹೇಳಲು ಬಾಯಿ ತೆರೆದು, “ಆಗ್ಲಿ ಸಾರ್” ಎಂದು ಹೋದಳು.

ಮೂರು ವಾರಗಳ ಮೇಲೆ ಅರ್ಜಿ ಹಿಂದಕ್ಕೆ ಬಂತು. ಅದರ ಅಂಚಿನಲ್ಲಿ ಯಾರೋ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಈ ಮನೆ ಹೊಳೆಯಿಂದ ಬಹು ಎತ್ತರದಲ್ಲಿದೆ, ನೆರೆನೀರು ತಲಪಿದ ಸ್ಥಳವಲ್ಲ.

ಬರೆದವರು ಸುಳ್ಳು ಬರೆದಿರಲಿಲ್ಲ. ಆ ಹಳ್ಳಿಗೆ ನಾನು ಅದಕ್ಕೆ ಮುಂಚೆ ಹೋಗಿಯೇ ಇರಲಿಲ್ಲ. ಹೊಳೆ ಅಲ್ಲಿಗೆ ಬರಬೇಕಾದರೆ ಬಣಕಲ್ ಪೇಟೆಯೇ ಮುಳುಗಬೇಕು. ಆ ವರ್ಷ ಬೆಳಗಾವಿ, ಬಾಗಲಕೋಟೆಗಳಲ್ಲಿ ನದಿಗಳು ಊರಿಗೆ ಊರನ್ನೇ ನುಂಗಿದ್ದವು; ಅಲ್ಲಿಗೆ ‘ನೆರೆ’ ಎಂಬ ಮಾತು ಸರಿಯಾಗಿತ್ತು. ನಮ್ಮ ಗುಡ್ಡಗಳಲ್ಲಿ ಮನೆ ತೆಗೆದದ್ದು ನೀರಲ್ಲ, ನೀರು ಕುಡಿದ ಮಣ್ಣು. 2018ರಲ್ಲಿ ಕೊಡಗಿನಲ್ಲಿ ಆದದ್ದೂ ಇದೇ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಆದದ್ದೂ ಇದೇ, ಇನ್ನೂ ಘೋರವಾಗಿ. ಮಲೆಯಾಳಿಗಳಿಗೆ ಇದಕ್ಕೆ ‘ಉರುಳ್‌ಪೊಟ್ಟಲ್’ ಎಂಬ ಒಂದು ಮಾತಿದೆ. ಕೇಳಿದರೆ ಬಂಡೆ ಉರುಳುವುದೂ ಗುಡ್ಡ ಒಡೆಯುವುದೂ ಕಿವಿಗೆ ಬರುತ್ತದೆ. ನಾವು ಸಂಸ್ಕೃತದ ‘ಭೂ’ವಿಗೆ ಕನ್ನಡದ ‘ಕುಸಿತ’ವನ್ನು ಸೇರಿಸಿ ‘ಭೂಕುಸಿತ’ ಎಂದು ಜೋಡಿಸಿಕೊಂಡಿದ್ದೇವೆ. ಮಲೆನಾಡಿನವರ ಬಾಯಲ್ಲಿ ಅದಕ್ಕೆ ಮೊದಲಿನಿಂದ ಇದ್ದ ಮಾತನ್ನು ಕೆಂಪು ಮಸಿಯಿಂದ ಹೊಡೆದವನು ನಾನು.

ಭಾನುವಾರ ಅವರು ಇಳಿದುಕೊಂಡಿದ್ದ ನೆಂಟರ ಮನೆಯನ್ನು ಹುಡುಕಿಕೊಂಡು ಹೋದೆ. ಹುಡುಗಿಯ ತಂದೆ ಐವತ್ತರ ಆಸುಪಾಸಿನವರು. ಒಂದೂವರೆ ಎಕರೆ ಕಾಫಿ, ಅದರ ಮೇಲೆ ಹಬ್ಬಿಸಿದ ಮೆಣಸು, ಬಾಕಿ ದಿನ ದೊಡ್ಡ ತೋಟದಲ್ಲಿ ಕೂಲಿ. ನನ್ನನ್ನು ಕಂಡು ಗಾಬರಿಯಾಗಿ ಒಳಗಿನಿಂದ ಕುರ್ಚಿ ತರಿಸಿದರು. ನಾನು ತಪ್ಪೊಪ್ಪಿಕೊಳ್ಳಲು ಮೊದಲು ಮಾಡಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ‘ಕಾಪಿ ಕುಡೀರಿ ಮೇಷ್ಟ್ರೇ, ಆರುತ್ತೆ’ ಎಂದರು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಗುಡ್ಡದ ಮೈಯಲ್ಲಿ ಉಗುರಿನಿಂದ ಗೀರಿದಂತೆ ಕೆಂಪು ಗಾಯ. ಕೆಳಗೆ ಹೆಂಚು, ರೀಪು, ಒಂದು ಬೀಸುಕಲ್ಲಿನ ಮೇಲಿನ ಹೋಳು. ತಲೆಕೆಳಗಾಗಿ ಬಿದ್ದ ಕಾಫಿ ಗಿಡವೊಂದರಲ್ಲಿ ಕಾಯಿ ಇನ್ನೂ ಹಸುರಾಗಿತ್ತು.

“ಶಬ್ದ ಹೇಗಿತ್ತು?” ಎಂದು ಕೇಳಿದೆ. ಏಕೆ ಹಾಗೆ ಕೇಳಿದೆನೋ!

“ಶಬ್ದ ಏನಿಲ್ಲ ಮೇಷ್ಟ್ರೇ. ಬೆಳಗ್ಗೆಯಿಂದ ಧರೆಯಿಂದ ಬರೋ ನೀರು ಕೆಂಪಾಗಿತ್ತು. ಆಮೇಲೆ ಒಮ್ಮೆಲೇ ನಿಂತುಹೋಯ್ತು. ನೀರು ನಿಂತದ್ದು ನೋಡಿ ಇವಳ ಅಮ್ಮ ‘ಎಲ್ಲ ಹೊರಗೆ ಬನ್ನಿ’ ಅಂದ್ಲು. ಅಂಗಳ ದಾಟೋ ಹೊತ್ತಿಗೆ ಧರೆ ಬಂತು. ಅಷ್ಟೇ.”

ಹರಿಯುತ್ತಿದ್ದ ನೀರು ನಿಂತಾಗ ಓಡಬೇಕೆಂಬ ಜ್ಞಾನ ಯಾವ ನಿಘಂಟಿನಲ್ಲಿಯೂ ನನಗೆ ಸಿಕ್ಕಿರಲಿಲ್ಲ. ಒಳಗೆ ಮಣ್ಣು ಸರಿದು ಊಟೆಯ ಬಾಯಿ ಮುಚ್ಚಿದಾಗ ಹೀಗಾಗುವುದುಂಟೆಂದೂ, ನಿಂತ ನೀರು ಹಿಂದೆ ಸೇರಿ ಗುಡ್ಡವನ್ನು ತಳ್ಳುವುದೆಂದೂ ಆಮೇಲೆ ಓದಿ ತಿಳಿದೆ. ಆ ತಾಯಿ ಅದನ್ನು ಓದಿ ತಿಳಿದವರಲ್ಲ. ಕಲಶದ ಮುಂದಿನಿಂದ ಎದ್ದು ಹೊರಗೆ ಬಂದಿದ್ದರು.

ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತು ಎರಡನೆಯ ಅರ್ಜಿ ಬರೆದೆ. ಈ ಸಲ ಅವರು ಹೇಳಿದರು, ನಾನು ಲೇಖಕನಾದೆ. ‘ಮನೆ ಹಿಂದಿನ ಧರೆ ಬಂದು’ ಎಂಬಲ್ಲಿ ಕೈ ತಡೆಯಿತು. ತಡೆದರೂ ಹಾಗೆಯೇ ಬರೆದೆ. ಕಂಸದಲ್ಲಿ ‘ಭೂಕುಸಿತ’ ಎಂದು ಸೇರಿಸಲೇ ಎಂದು ಕೇಳಿದೆ. “ಸೇರ್ಸಿ, ಕಚೇರಿಯವ್ರಿಗೆ ಬೇಕಾಗ್ಬೋದು” ಎಂದರು. ಕರುಗಳ ಹೆಸರನ್ನೂ ಹೇಳಿದರು. ಅದನ್ನು ಮಾತ್ರ ಬರೆಯಲಿಲ್ಲ. ಮೊದಲ ಕಂತು ಬಂದದ್ದು ಮರುವರ್ಷ. ಆ ತಡದಲ್ಲಿ ಎಷ್ಟು ಭಾಗ ನನ್ನ ಕೆಂಪು ಮಸಿಯದು ಎಂದು ಲೆಕ್ಕ ಹಾಕುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ಹುಡುಗಿ ಆ ವರ್ಷದ ಪರೀಕ್ಷೆಯಲ್ಲಿ ನಾನಾರ್ಥದ ಪ್ರಶ್ನೆಗೆ ‘ನೆರೆ’ಯನ್ನೇ ಆರಿಸಿಕೊಂಡು ಅರ್ಥಗಳನ್ನೆಲ್ಲ ತಪ್ಪಿಲ್ಲದೆ ಬರೆದಿದ್ದಳು. ಱಕಾರವನ್ನೂ ಸರಿಯಾದ ಕಡೆಯಲ್ಲಿ ಹಾಕಿದ್ದಳು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ.

ಹೊಸ ಮನೆ ಎದ್ದದ್ದು ಹಳೆಯ ಜಾಗದಲ್ಲಲ್ಲ. ಹೆಂಡತಿಯ ತಮ್ಮ ತನ್ನ ಗದ್ದೆಯ ತಲೆಯಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಟ್ಟಿದ್ದಾನೆ. ಕಳೆದ ಮಳೆಗಾಲದಲ್ಲಿ ಬಣಕಲ್ ಬಸ್ ಸ್ಟ್ಯಾಂಡಿನಲ್ಲಿ ಆಕೆಯ ತಂದೆ ಸಿಕ್ಕಿದರು. ಗೊಬ್ಬರದ ಚೀಲದ ಕೊಪ್ಪೆ ತಲೆಯ ಮೇಲಿತ್ತು. ಅದರ ಅಂಚಿನಿಂದ ಇಳಿದ ಕೂದಲು ಪೂರ್ತಿ ನೆರೆತಿತ್ತು. ಮನೆ ಹೇಗಿದೆ ಎಂದು ಕೇಳಿದೆ.

“ಚೆನ್ನಾಗಿದೆ ಮೇಷ್ಟ್ರೇ. ಹಿಂದೆ ಧರೆ ಇಲ್ಲ. ಮುಂದೆ ಹೊಳೆ,” ಎಂದು ಅವರು ನಕ್ಕರು. “ಇನ್ನು ಬಂದ್ರೆ ನೀವು ಬರೆದ ನೆರೆಯೇ ಬರ್ಬೇಕು.”

ಕೊಟ್ಟಿಗೆಹಾರದ ಕಡೆಯ ಬಸ್ಸು ಬಂತು. ಅವರು ಹತ್ತಿದರು.